ಸೊಳ್ಳೆಪರದೆ ಕಲಿಸಿದ ಶಸ್ತ್ರವಿದ್ಯೆ

ಠಾಕುರ್ಲಿ, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಎಂ.ಎಸ್. ಮುಗಿಸಿದರೆಂದರೆ ಮುಂದಿನ ಮಾತು ಇಂಗ್ಲೆಂಡಿನದು, ಇಲ್ಲವೇ ಅಮೆರಿಕದ್ದು. ಆ ಹಂಬಲವನ್ನು ನಾನು ಹೀಗಳೆಯಲಾರೆ. ಆದರೆ ಕಲಿಯಬೇಕಾದುದೆಲ್ಲ ಆ ದಿಕ್ಕಿನಲ್ಲೇ ಇದೆ ಎಂಬ ನಂಬಿಕೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಡ ದೇಶದ ಅಥವಾ ಬಡ ಜಿಲ್ಲೆಯ ಆಸ್ಪತ್ರೆಯಲ್ಲಿ ಒಂದೆರಡು ವರ್ಷ ದುಡಿಯದ ಶಸ್ತ್ರವೈದ್ಯನ ಶಿಕ್ಷಣ ಅರೆಬರೆಯೆಂದೇ ನನ್ನ ಎಣಿಕೆ.

ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೋಂಡಾಯಿಚಾ ಎಂಬ ಸಣ್ಣ ಊರನ್ನು ನೋಡಿ. ಹರ್ನಿಯಾದಲ್ಲಿ ಹೊಟ್ಟೆಯ ಗೋಡೆ ಸಡಿಲಗೊಂಡ ಜಾಗಕ್ಕೆ ಪ್ಲಾಸ್ಟಿಕ್ ಎಳೆಯ ಜಾಲರಿಯೊಂದನ್ನು ಹೊಲಿಯುತ್ತಾರೆ. ಕಂಪನಿಯ ಜಾಲರಿಯ ಬೆಲೆ ಕೂಲಿಕಾರನ ಕೈಗೆಟುಕುವಂಥದ್ದಲ್ಲ. ಅಲ್ಲಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ ಟೋಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯೂ ಹೆಚ್ಚುಕಡಿಮೆ ಅದೇ ಜಾತಿಯ ಪ್ಲಾಸ್ಟಿಕ್ಕಿನದೆಂದು ಗಮನಿಸಿ, ಅದನ್ನು ತುಂಡರಿಸಿ, ಕ್ರಿಮಿಶುದ್ಧಗೊಳಿಸಿ ಬಳಸಿದರು. 2003ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಇಂಗ್ಲೆಂಡಿನ ಪ್ಲಿಮತ್‌ನಿಂದ ಘಾನಾಕ್ಕೆ ಹರ್ನಿಯಾ ಚಿಕಿತ್ಸೆಗೆಂದು ಹೋಗುತ್ತಿದ್ದ ಶಸ್ತ್ರವೈದ್ಯರು ಈ ಉಪಾಯವನ್ನು ಕೈಗೆತ್ತಿಕೊಂಡರು. ಉಗಾಂಡಾದಲ್ಲಿ 302 ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಬಳಿಕ ಸುಮಾರು 1 ಡಾಲರಿನ ಸೊಳ್ಳೆಪರದೆಗೂ ಸುಮಾರು 125 ಡಾಲರಿನ ಜಾಲರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲವೂ ಕೈಗೆ ಸಿಗುವ ಆಸ್ಪತ್ರೆಯಲ್ಲಿ ಇಂಥ ಪ್ರಶ್ನೆ ಯಾರಿಗಾದರೂ ಹೊಳೆಯುತ್ತಿತ್ತೇ?

ಕಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ನಗರದಲ್ಲಿ ಒಬ್ಬ ವೈದ್ಯ ಪಿತ್ತಕೋಶಕ್ಕೆ, ಇನ್ನೊಬ್ಬ ಮೊಣಕಾಲಿಗೆ ಮೀಸಲು. ಸಿ.ಟಿ. ಸ್ಕ್ಯಾನ್ ಇಲ್ಲದ ಊರಿನಲ್ಲಿ ಹೊಟ್ಟೆಯ ಮೇಲಿಟ್ಟ ಕೈಬೆರಳುಗಳೇ ರೋಗವನ್ನು ಹೇಳಬೇಕು. ಲ್ಯಾನ್ಸೆಟ್ ಆಯೋಗವು 2015ರಲ್ಲಿ ಮೂರು ಚಿಕಿತ್ಸೆಗಳನ್ನು ಒಂದು ಆಸ್ಪತ್ರೆಯ ಸಾಮರ್ಥ್ಯದ ಅಳತೆಗೋಲಾಗಿ ಇಟ್ಟಿತು: ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ಶಸ್ತ್ರಕ್ರಿಯೆ, ಚರ್ಮ ಸೀಳಿ ಹೊರಬಂದ ಮೂಳೆಮುರಿತ. ಮೂರನ್ನೂ ಧೈರ್ಯವಾಗಿ ಮಾಡಬಲ್ಲ ಎಳೆಯ ವೈದ್ಯರು ನಮ್ಮ ನಗರಗಳಲ್ಲಿ ಎಷ್ಟು ಮಂದಿ ಇದ್ದಾರು? ಸುರಕ್ಷಿತವಾದ, ಕೈಗೆಟುಕುವ ಶಸ್ತ್ರಚಿಕಿತ್ಸೆ ದೊರೆಯದವರು ಜಗತ್ತಿನಲ್ಲಿ 500 ಕೋಟಿ ಎಂದು ಅದೇ ಆಯೋಗ ಲೆಕ್ಕ ಹಾಕಿತ್ತು.

ಇಲ್ಲಿ ಒಂದು ಆಕ್ಷೇಪವುಂಟು, ಅದು ನ್ಯಾಯವಾದದ್ದು. ಬಡವರ ದೇಹ ಯಾರ ಅಭ್ಯಾಸಕ್ಕೂ ಬಿಟ್ಟ ಬಿಟ್ಟಿ ಹಲಗೆಯಲ್ಲ. ಎರಡು ವಾರಕ್ಕೆ ವಿಮಾನದಲ್ಲಿ ಬಂದಿಳಿದು, ನಲವತ್ತು ಹೊಟ್ಟೆ ಕೊಯ್ದು, ಗಾಯ ಕೀವುಗಟ್ಟುವ ಮೊದಲೇ ಹೊರಟುಹೋಗುವುದನ್ನು ನಾನು ಸೇವೆಯೆನ್ನಲಾರೆ. ಹೋಗುವವನು ಅರ್ಹತೆ ಪಡೆದೇ ಹೋಗಲಿ, ಅಲ್ಲಿನ ಹಿರಿಯ ವೈದ್ಯರ ಕೈಕೆಳಗೆ ದುಡಿಯಲಿ, ತಾನು ಹೊಲಿದ ಗಾಯ ಮಾಗುವವರೆಗಾದರೂ ಇರಲಿ.

ಕರ್ನಾಟಕದಲ್ಲಿ 2012ರ ಕಾಯ್ದೆ ವೈದ್ಯಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸಿತು. ಬಹುಮಂದಿ ಅದನ್ನು ದಂಡವೆಂದೇ ಎಣಿಸುತ್ತಾರೆ. ಕಡ್ಡಾಯದಿಂದ ಹೋದವನು ದಿನ ಎಣಿಸುತ್ತಾನೆ, ಅದು ಸಹಜ. ಇಷ್ಟಪಟ್ಟು ಹೋಗುವವನಿಗೆ ನಾವು ಏನು ಕೊಡುತ್ತಿದ್ದೇವೆ? ಹೊರನಾಡಿನ ನಮ್ಮ ಸಂಘಗಳು ವಿದ್ಯಾರ್ಥಿವೇತನ ಹಂಚುವಾಗ ಒಂದನ್ನು ಹೀಗೆ ಹೊರಡುವ ಎಳೆಯ ಶಸ್ತ್ರವೈದ್ಯರಿಗೆ ಮೀಸಲಿಡಬಾರದೇಕೆ? ಜೊತೆಗೆ ಅರಿವಳಿಕೆ ತಜ್ಞರಿಗೂ ಒಂದಿರಲಿ; ಅವರಿಲ್ಲದ ಕಡೆ ಎಂಥ ನಿಪುಣ ಶಸ್ತ್ರವೈದ್ಯನೂ ಚೀಟಿ ಬರೆದು ರೋಗಿಯನ್ನು ದೊಡ್ಡ ಊರಿಗೆ ಸಾಗಹಾಕಬೇಕಾಗುತ್ತದೆ.