ಮಾಳಿಗೆ ಬೀಳಿಸುವುದು ವಯಸ್ಸಲ್ಲ, ತೇವ

ಕುರಕುಂಟಾ, ಸೇಡಂ ಕಡೆ ಮಳೆಗಾಲದಲ್ಲಿ ಒಂದು ಮಾಳಿಗೆ ಮನೆ ಬಿತ್ತೆಂದರೆ ನೆರೆದವರ ಬಾಯಲ್ಲಿ ಬರುವ ಮಾತು ಒಂದೇ: “ಮುತ್ಯಾನ ಕಾಲದ ಕಟ್ಟಿಗಿ ಅದ, ಇನ್ನ ಎಷ್ಟು ದಿನ ತಾಳ್ತದ?” ಮನೆ ಕಳಕೊಂಡವರೂ ಹೌದೆಂದು ತಲೆಯಾಡಿಸುತ್ತಾರೆ. ಅಲ್ಲಿಗೆ ವಿಚಾರ ಮುಗಿಯಿತು. ಪಕ್ಕದ ಮನೆಯವರು ಅದೇ ರಾತ್ರಿ ಅಂಥದೇ ತೊಲೆಯ ಕೆಳಗೆ ಮಲಗುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಬರೀ ವಯಸ್ಸಾಯಿತೆಂದು ಕಟ್ಟಿಗೆ ಸೋಲುವುದಿಲ್ಲ. ಒಣಗಿಯೇ ಉಳಿದ ಸಾಗವಾನಿ ತೊಲೆ ಮೂರು ತಲೆಮಾರು ಕಂಡ ಮೇಲೂ ಗರಗಸಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಬೀದರ ಕೋಟೆಯ ರಂಗೀನ್ ಮಹಲ್ ನೋಡಿದವರು ಅಲ್ಲಿನ ಕೆತ್ತನೆಯ ಮರದ ಕಂಬಗಳನ್ನೂ ನೋಡಿರುತ್ತೀರಿ. ಅವು 16ನೆಯ ಶತಮಾನದ ಬರೀದಶಾಹಿ ಕಾಲದವು. ಸೂರಿನ ಕೆಳಗೆ, ಮಳೆ ತಾಗದಂತೆ ನಿಂತಿವೆ. ಹಾಗಾದರೆ ನಮ್ಮ ಮನೆಯ 60-70 ವರ್ಷದ ತೊಲೆ ಯಾಕೆ ಮುರಿಯುತ್ತದೆ? ತೇವದಿಂದ. ತೇವವನ್ನು ಒಳಗೆ ಬಿಟ್ಟುಕೊಳ್ಳುವವರು ಬಹಳ ಸಲ ನಾವೇ.

ತೊಗರಿಗೆ ಒಂದು ಲೆಕ್ಕ, ತೊಲೆಗೆ ಇಲ್ಲ

ತೊಗರಿ ಮಾರಲು ಹೋದಾಗ ಖರೀದಿ ಕೇಂದ್ರದಲ್ಲಿ ಕೇಳುವುದೇನು? ತೇವಾಂಶ ಶೇಕಡಾ 12ರ ಒಳಗಿದೆಯೇ ಎಂದು. ನಾವೂ ಮನೆಯಲ್ಲೇ ಕಾಳು ಕಡಿದು ನೋಡಿ, ‘ಇನ್ನೆರಡು ದಿನ ಬಿಸಿಲಿಗೆ ಹಾಕೋಣು’ ಅನ್ನುತ್ತೇವೆ. ಹಸಿ ಕಾಳು ಚೀಲದಲ್ಲಿ ಬೂಸು ಹಿಡಿಯುತ್ತದೆಂದು ಗೊತ್ತು. ಕಟ್ಟಿಗೆಯ ಕಥೆಯೂ ಇದೇ.

ಈಗ ತಾನೇ ಕಡಿದ ಮರದಲ್ಲಿ ಅದರ ಒಣ ತೂಕದ ಅರ್ಧಕ್ಕಿಂತ ಹೆಚ್ಚು, ಕೆಲವೊಮ್ಮೆ ಒಣ ತೂಕದಷ್ಟೇ ನೀರು ಇರುತ್ತದೆ. ಒಣಗುವಾಗ ಮೊದಲು ಕಟ್ಟಿಗೆಯ ಸಣ್ಣ ಕೊಳವೆಗಳೊಳಗಿನ ನೀರು ಹೋಗುತ್ತದೆ. ಅಲ್ಲಿಯವರೆಗೆ ತೂಕ ಇಳಿಯುತ್ತದೆ, ಬಲದಲ್ಲಿ ಫರಕು ಇಲ್ಲ. ತೇವ ಶೇಕಡಾ 25-30ಕ್ಕೆ ಇಳಿದ ಮೇಲೆ ಎಳೆಗಳ ಗೋಡೆಯೊಳಗೆ ಹೀರಿಕೊಂಡ ನೀರು ಬಿಡಲು ಶುರುವಾಗುತ್ತದೆ. ಆಗ ಕಟ್ಟಿಗೆ ಕುಗ್ಗುತ್ತದೆ, ಜೊತೆಗೆ ಗಟ್ಟಿಯಾಗುತ್ತದೆ. ಇಲ್ಲಿಂದ ಕೆಳಗೆ ತೇವ ಒಂದೊಂದು ಅಂಶ ಇಳಿದಂತೆ ಬಾಗು ತಡೆಯುವ ಬಲ ಸುಮಾರು ನಾಲ್ಕು ಅಂಶ ಏರುತ್ತದೆ ಅನ್ನುವುದು ಅಂದಾಜು ಲೆಕ್ಕ. ಇದನ್ನೇ ತಿರುಗಿಸಿ ನೋಡಿ. ಶೇಕಡಾ 12 ತೇವದ ಒಣ ತೊಲೆ ಪೂರಾ ನೆನೆದರೆ ಅನೇಕ ಜಾತಿಯ ಕಟ್ಟಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಲ ಕಳಕೊಳ್ಳುತ್ತದೆ. ಸಾಗವಾನಿಯಲ್ಲಿ ಈ ಇಳಿತ ಕಡಿಮೆ, ಸುಮಾರು ಐದನೇ ಒಂದು ಭಾಗ. ಅದನ್ನು ಹಿರಿಯರು ಸುಮ್ಮನೆ ಆರಿಸಿರಲಿಲ್ಲ.

ಇಷ್ಟೇ ಆಗಿದ್ದರೆ ಹೆದರಬೇಕಿರಲಿಲ್ಲ. ನೆನೆದು ಹೋದ ಬಲ ಒಣಗಿದರೆ ಮರಳಿ ಬರುತ್ತದೆ. ಇದು ಕೈಸಾಲ ಇದ್ದಂತೆ, ತೀರಿಸಬಹುದು. ಆದರೆ ತೇವ ತಿಂಗಳುಗಟ್ಟಲೆ ನಿಂತರೆ ಬೂಸು ಹತ್ತುತ್ತದೆ. ಕಟ್ಟಿಗೆಯನ್ನೇ ತಿನ್ನುವ ಬೂಸು ಅದು. ಆಗ ಆಗುವ ನಷ್ಟ ಹೊಲ ಮಾರಿದಂತೆ, ಮರಳಿ ಬರುವುದಿಲ್ಲ. ಕೊಳೆತ ಕಟ್ಟಿಗೆ ಒಣಗಿದರೂ ಗಟ್ಟಿಯಾಗದು. ಕಣ್ಣಿಗೆ ಕೊಳೆತಂತೆ ಕಾಣುವ ಮೊದಲೇ, ಇನ್ನೂ ಹತ್ತರಲ್ಲಿ ಒಂದು ಪಾಲು ತೂಕವೂ ಕಡಿಮೆಯಾಗಿರದಾಗಲೇ, ಅದು ಅರ್ಧ ಬಲ ಕಳಕೊಂಡಿರಬಹುದು. ‘ನಿನ್ನೆ ತನಕ ಚಲೋ ಇತ್ತು, ಒಮ್ಮೆಲೇ ಮುರೀತು’ ಅನ್ನುವುದರ ಒಳಗುಟ್ಟು ಇದು.

ಮಳೆಗಾಲದ ಗಾಳಿ ಕೊಳೆಸುವುದಿಲ್ಲ

ಈ ಬೂಸಿಗೆ ಕಟ್ಟಿಗೆಯಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೇವ ಬೇಕು. ಅದು ಹುಲುಸಾಗಿ ಬೆಳೆಯುವುದು 28-30 ದಾಟಿದ ಮೇಲೆ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಮನೆಯೊಳಗಿನ ಕಟ್ಟಿಗೆ ಐದಾರು ಅಂಶಕ್ಕೆ ಇಳಿಯಬಲ್ಲದು. ಬಂಡಿಯ ಹಳೆ ಮರದ ಗಾಲಿ ಬೇಸಿಗೆಯಲ್ಲಿ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲಾಗುತ್ತಿದ್ದುದು, ಅದನ್ನು ಹಳ್ಳದಲ್ಲಿ ನೆನೆಹಾಕುತ್ತಿದ್ದುದು ಹಿರಿಯರಿಗೆ ನೆನಪಿದೆ. ಜಿಟಿಜಿಟಿ ಮಳೆಗಾಲದಲ್ಲಿ ಅದೇ ಕಟ್ಟಿಗೆ ಬರೀ ಗಾಳಿಯಿಂದ ಹೀರಿದರೆ 15-17 ಅಂಶಕ್ಕೆ ಏರಬಹುದು, ಅಷ್ಟೇ. 20 ದಾಟುವುದು ಕಷ್ಟ.

ಅಂದರೆ ಸೋರದ ಮನೆಯಲ್ಲಿ ಎಷ್ಟೇ ಮಳೆಯಾದರೂ ತೊಲೆ ಕೊಳೆಯುವುದಿಲ್ಲ. ದಕ್ಷಿಣ ಕನ್ನಡದಲ್ಲಿ ನಮ್ಮ ನಾಲ್ಕು ಪಟ್ಟಿಗಿಂತ ಹೆಚ್ಚು ಮಳೆ. ಆದರೂ ಅಲ್ಲಿ ಹಂಚಿನ ಮನೆಯ ಮರ ಉಳಿಯುತ್ತದೆ, ಯಾಕೆಂದರೆ ಇಳಿಜಾರು ಮಾಡು, ಉದ್ದ ಸೂರು. ನೀರು ಬಿದ್ದ ಹಾಗೇ ಜಾರಿ ಹೋಗುತ್ತದೆ. ನಮ್ಮದು ಚಪ್ಪಟೆ ಮಾಳಿಗೆ. ವರ್ಷಕ್ಕೆ 750-800 ಮಿಲಿಮೀಟರ್ ಮಳೆಯ ನಾಡಿಗೆ, ಬಿಸಿಲಿಗೆ ತಂಪಾಗಿರಲಿ ಎಂದು ಕಟ್ಟಿದ್ದು. ಬಿದ್ದ ನೀರು ಅಲ್ಲೇ ನಿಂತರೆ ಇಳಿಯುವುದು ಜಂತಿಗೆ, ತೊಲೆಗೆ.

ನೀರು ಹಿಡಿಯುವ ಮೂರು ಜಾಗ

ಮೊದಲನೆಯದು ತೊಲೆಯ ತುದಿ, ಗೋಡೆಯೊಳಗೆ ಹೂತ ಮೊಳದಷ್ಟು ಭಾಗ. ಕಟ್ಟಿಗೆ ಅಡ್ಡ ಮೈಯಿಂದ ಹೀರುವುದಕ್ಕಿಂತ ಎಷ್ಟೋ ಬೇಗ ಕೊಯ್ದ ತುದಿಯಿಂದ ನೀರು ಹೀರುತ್ತದೆ. ಕುಂಬಿಯ ಬಿರುಕಿನಿಂದ ಇಳಿದ ನೀರು ಗೋಡೆಯ ಮಣ್ಣಿಗೆ, ಅಲ್ಲಿಂದ ತೊಲೆಯ ತುದಿಗೆ. ಒಳಗೆ ಗಾಳಿಯಿಲ್ಲ, ಬೆಳಕಿಲ್ಲ. ದೀಪಾವಳಿ ಹೊತ್ತಿಗೆ ಮನೆಯೆಲ್ಲ ಒಣಗಿದರೂ ಆ ತುದಿ ಹಸಿ. ಕೆಳಗೆ ನಿಂತು ನೋಡಿದರೆ ತೊಲೆಯ ನಡುಭಾಗ ಕಪ್ಪಗೆ ಮಿಂಚುತ್ತಿರುತ್ತದೆ.

ಎರಡನೆಯದು ಕಂಬದ ಬುಡ. ದನದ ಕೊಟ್ಟಿಗೆಯಲ್ಲಿ ಇದನ್ನು ಎಲ್ಲರೂ ಕಂಡಿದ್ದೀರಿ. ನೆಲದಲ್ಲಿ ಹೂಳಿದ ಗೂಟ ಆಳದಲ್ಲಿ ಅಷ್ಟು ಕೊಳೆಯುವುದಿಲ್ಲ, ನೆಲದ ಮೇಲೂ ಕೊಳೆಯುವುದಿಲ್ಲ. ಮಣ್ಣು ಮತ್ತು ಗಾಳಿ ಕೂಡುವ ಗೇಣುದ್ದದಲ್ಲಿ ಮುರಿಯುತ್ತದೆ. ಬೂಸಿಗೆ ನೀರೂ ಬೇಕು, ಗಾಳಿಯೂ ಬೇಕು. ಪೂರ್ತಿ ನೀರೊಳಗೆ ಮುಳುಗಿದ ಕಟ್ಟಿಗೆ ಉಳಿಯುವುದೂ ಇದಕ್ಕೇ. ಬಾವಿ ತಳಕ್ಕೆ ನೇರಳೆ ಕಟ್ಟಿಗೆ ಹಾಕುತ್ತಿದ್ದ ಹಿರಿಯರ ಜಾಣತನ ನೋಡಿ. ಇನ್ನು ಗೆದ್ದಲು ಹುಡುಕುವುದೂ ತೇವದ ಜಾಗವನ್ನೇ.

ಮೂರನೆಯದು ಜಂತಿಯ ಬೆನ್ನು. ಜಂತಿಯ ಮೇಲೆ ತೊಗರಿ ಕಟ್ಟಿಗೆ ಇಲ್ಲವೆ ಫರಸಿ, ಅದರ ಮೇಲೆ ಮಣ್ಣು. ಸೋರಿದ ಜಾಗದಲ್ಲಿ ಕೆಳಗಿನಿಂದ ಒಂದು ಬಿಳಿ ಕಲೆ ಕಾಣುತ್ತದೆ. ಮೇಲಿನ ಬೆನ್ನು ಎಷ್ಟು ತಿಂದಿದೆಯೆಂದು ಅದು ಹೇಳುವುದಿಲ್ಲ.

ನಾವೇ ಏರಿಸುವ ಭಾರ

ಮಾಳಿಗೆ ಸೋರಿದರೆ ನಾವು ಮಾಡುವುದೇನು? ಮೇಲೆ ಒಂದು ಪದರ ಮಣ್ಣು. ವರ್ಷಾ ವರ್ಷಾ ಇದೇ. ಹಳೆಯದನ್ನು ತೆಗೆಯುವುದಿಲ್ಲ. ಒಂದು ಲೆಕ್ಕ ಮಾಡೋಣ. ಹತ್ತಕ್ಕೆ ಹತ್ತು ಅಡಿ ಕೋಣೆಯ ಮೇಲೆ ಒಂದು ಇಂಚು ಮಣ್ಣೆಂದರೆ ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್. ಒಂದಡಿ ದಪ್ಪವಾದರೆ ಸುಮಾರು 45 ಕ್ವಿಂಟಲ್. ಮಲಗುವ ಕೋಣೆಯ ಮೇಲೆ 45 ಕ್ವಿಂಟಲ್ ತೊಗರಿ ಪೇರಿಸಿದಂತೆ! ಆ ಮಣ್ಣು ನೆನೆದು ತನ್ನ ತೂಕದ ಶೇಕಡಾ 15ರಷ್ಟು ನೀರು ಕುಡಿದರೆ ಮತ್ತೆ ಆರೇಳು ಕ್ವಿಂಟಲ್. ಒಂದೇ ಮಳೆಗೆ ಮೇಲಿನ ಭಾರ ಏರಿತು, ಕೆಳಗಿನ ತೊಲೆಯ ಬಲ ಇಳಿಯಿತು, ತೊಲೆ ಹೊತ್ತ ಮಣ್ಣಿನ ಗೋಡೆ ಮೆತ್ತಗಾಯಿತು. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿ ಹರಿದ ಹಾಗೆ ಬಿಡದೆ ಸುರಿದರೆ ಮೂರೂ ಒಟ್ಟಿಗೆ ಬರುತ್ತವೆ. ಮಳೆ ನಿಂತ ಮರುದಿನವೂ ಮನೆ ಬೀಳುವುದು ಇದಕ್ಕೇ. ಮೋಡ ಹೋದರೂ ಮಾಳಿಗೆಯ ನೀರು ಹೋಗಿರುವುದಿಲ್ಲ.

ಇನ್ನೊಂದು ಚಟ ಸಿಮೆಂಟಿನದು. ನಮ್ಮದು ಸಿಮೆಂಟಿನ ಸೀಮೆ. ಕುರಕುಂಟಾದ ಸಿಸಿಐ ಕಾರ್ಖಾನೆ 1998ರಲ್ಲಿ ನಿಂತರೂ ಸುತ್ತ ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟು ಆಗುತ್ತಲೇ ಇದೆ. ಹಾಗಾಗಿ ಮಣ್ಣಿನ ಗೋಡೆಗೂ ಸಿಮೆಂಟ್ ಗಿಲಾವು. ಹೊರಗೆ ಚಂದ ಕಾಣುತ್ತದೆ. ಆದರೆ ಮಣ್ಣು ಉಬ್ಬುತ್ತದೆ, ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಆಡುವುದಿಲ್ಲ, ಸೀಳುತ್ತದೆ. ಆ ಸೀಳಿನಿಂದ ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಬರೀ ಮಣ್ಣಿನ ಗಿಲಾವು, ಸುಣ್ಣದ ಗಿಲಾವು ಆಗಿದ್ದರೆ ನಾಲ್ಕು ದಿನದ ಬಿಸಿಲಿಗೆ ಗೋಡೆ ಉಸಿರು ಬಿಡುತ್ತಿತ್ತು. ಒದ್ದೆ ತೊಲೆಗೆ ಹಳೆ ಎಂಜಿನ್ ಆಯಿಲ್ ಬಳಿಯುವುದೂ ಇದೇ ಥರ. ತೇವವನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಬಳಿಯುವುದಾದರೆ ಪೂರಾ ಒಣಗಿದ ಮೇಲೆ.

ಹೊಸ ಜಂತಿ ಹಾಕುವವರೂ ಅವಸರ ಮಾಡುತ್ತಾರೆ. ಬೇವು, ಜಾಲಿ ಕಡಿದು ತಿಂಗಳೊಳಗೆ ಮೇಲೇರಿಸಿ ಮಣ್ಣು ಹೇರುತ್ತಾರೆ. ಹಸಿ ಕಟ್ಟಿಗೆ ಭಾರ ಹೊತ್ತುಕೊಂಡೇ ಒಣಗಿದರೆ ಬಾಗಿದ್ದು ಬಾಗಿಯೇ ಉಳಿಯುತ್ತದೆ. ಬಾಗಿದ ಕಡೆ ನೀರು ನಿಲ್ಲುತ್ತದೆ. ತೊಗಟೆ ಸುಲಿದು, ನೆರಳಿನಲ್ಲಿ ನಡುವೆ ಅಡ್ಡ ಕಟ್ಟಿಗೆಯಿಟ್ಟು, ಒಂದು ಬೇಸಿಗೆಯಾದರೂ ದಾಟಿಸಿ. ಬಿಳಿ ಕಟ್ಟಿಗೆಯ ಭಾಗ ಕೆತ್ತಿಸಿ. ಸಾಗವಾನಿಯಾದರೂ ಹೊರಗಿನ ಬಿಳಿ ಭಾಗ ತಾಳುವುದಿಲ್ಲ. ತಾಳುವುದು ಒಳಗಿನ ಚೇಗು ಮಾತ್ರ.

ಮಿರಗಕ್ಕೆ ಮುಂಚೆ

ದೊಡ್ಡ ಖರ್ಚಿನ ಮಾತು ನಾನು ಹೇಳುತ್ತಿಲ್ಲ. ಬೇಕಾದದ್ದು ಚೀಲ ಹೊಲಿಯುವ ದಬ್ಬಣ, ಒಂದು ಏಣಿ, ಒಂದು ದಿನದ ಬಿಡುವು.

ತೊಲೆಯ ತುದಿ ಗೋಡೆ ಸೇರುವಲ್ಲಿ ದಬ್ಬಣ ಚುಚ್ಚಿ. ನಡುಭಾಗದಲ್ಲೂ ಚುಚ್ಚಿ ಹೋಲಿಸಿ. ತುದಿಯಲ್ಲಿ ಸಲೀಸಾಗಿ ಇಳಿದರೆ ಅಲ್ಲಿ ಕೆಲಸ ಇದೆ. ಸುತ್ತಿಗೆಯ ಹಿಡಿಯಿಂದ ಬಡಿದರೆ ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಬೇಸಿಗೆಯಲ್ಲಿ ಬಿಟ್ಟ ಉದ್ದುದ್ದ ಬಿರುಕಿಗೆ ಅಷ್ಟು ಹೆದರಬೇಡಿ. ಅಡ್ಡಡ್ಡ ತುಂಡಾದಂತೆ ಸೀಳಿದ್ದರೆ ಹೆದರಿ, ಅದು ಕೊಳೆತದ ಗುರುತು.

ಕೊಳೆತ ತುದಿ ಸಿಕ್ಕರೆ ಮೊದಲು ಅಲ್ಲಿ ಮಲಗುವುದು ಬಿಡಿ. ಗೋಡೆಗೆ ಹತ್ತಿ ಒಂದು ಆಸರೆ ಕಂಬ ಕೊಡಿಸಿ, ಆಮೇಲೆ ಬಡಿಗೇರರನ್ನು ಕರೆಯಿರಿ. ಕಂಬದ ಬುಡಕ್ಕೂ, ತೊಲೆ ಕೂರುವ ಗೋಡೆಯ ಮೇಲೂ ಫರಸಿ ಕಲ್ಲು ಹಾಕಿ. ಶಹಾಬಾದ ಕಲ್ಲಿಗೆ ನಾವು ದೂರ ಹೋಗಬೇಕಿಲ್ಲ. ಮಣ್ಣಿನ ತೇವ ಕಟ್ಟಿಗೆಗೆ ಏರದಂತೆ ಅದು ತಡೆಯುತ್ತದೆ. ಹೊಸದಾಗಿ ಕೂರಿಸುವಾಗ ತೊಲೆಯ ತುದಿಯ ಸುತ್ತ ಬೆರಳು ಹೋಗುವಷ್ಟು ಜಾಗ ಬಿಡಿಸಿ, ಮಣ್ಣಿನಿಂದ ಮೆತ್ತಬೇಡಿ. ಗಾಳಿಯಾಡಿದರೆ ನೆನೆದದ್ದೂ ಒಣಗುತ್ತದೆ.

ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವ ಮೊದಲು ಅಷ್ಟೇ ದಪ್ಪ ಹಳೆ ಮಣ್ಣು ಕೆರೆದು ಇಳಿಸಿ. ಬಿಸಿಲಿರುವಾಗಲೇ, ಅದೂ ಎರಡೂ ಬದಿಯಿಂದ ಸಮನಾಗಿ. ನೀರು ಹೊರಹೋಗುವ ದೋಣಿಯ ಕಡೆ ಇಳಿಜಾರು ಮಾಡಿ, ದೋಣಿಯನ್ನು ಗೋಡೆಯಿಂದ ಎರಡಡಿ ಹೊರಗೆ ಚಾಚಿ. ಕುಂಬಿಯ ತಲೆಗೆ ಫರಸಿ ಹೊದಿಸಿ. ಪ್ಲಾಸ್ಟಿಕ್ ಹಾಸುವವರು ಅದರ ಅಂಚನ್ನು ಗೋಡೆಯೊಳಗೆ ಮುಚ್ಚದೆ ಹೊರಗೆ ಇಳಿಬಿಡಿ. ಇಲ್ಲದಿದ್ದರೆ ಮಾಳಿಗೆಯ ನೀರನ್ನೆಲ್ಲ ತಂದು ತೊಲೆಯ ತುದಿಗೇ ಸುರಿದಂತಾಗುತ್ತದೆ.

ಆರ್‌ಸಿಸಿ ಮನೆ ಕಟ್ಟುವವರಿಗೆ ನನ್ನ ತಕರಾರಿಲ್ಲ. ಆದರೆ ಎಲ್ಲರ ಕೈಯಲ್ಲೂ ಅಷ್ಟು ರೊಕ್ಕ ಇಲ್ಲ. 2019ರ ನೆರೆಯ ನಂತರ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಪರಿಹಾರ ಬೇಡವೆನ್ನುವುದಿಲ್ಲ, ಆದರೆ ಅದು ಬಿದ್ದ ಮೇಲಿನ ಮಾತು. ಬಿದ್ದಾಗ ಕೆಳಗೆ ಯಾರಿದ್ದರು ಅನ್ನುವುದಕ್ಕೆ ಯಾವ ಪರಿಹಾರವೂ ಇಲ್ಲ. ಪಂಚಾಯಿತಿಯವರು ಮಳೆಗೆ ಮುಂಚೆ ಹತ್ತು ದಿನ ಊರಿನ ಬಡಿಗೇರರನ್ನು ಕೂಲಿ ಕೊಟ್ಟು ಮನೆಮನೆಗೆ ಕಳಿಸಿ ತೊಲೆ ತುದಿ ನೋಡಿಸಿದರೆ ಎಷ್ಟು ಖರ್ಚಾದೀತು? ಗ್ರಾಮಸಭೆಯಲ್ಲಿ ಇದನ್ನು ಕೇಳೋಣ. ಅವರು ಮಾಡುವ ತನಕ ನಮ್ಮ ನಮ್ಮ ಮನೆಯದನ್ನು ನಾವೇ ನೋಡಿಕೊಳ್ಳೋಣ. ರೋಹಿಣಿ ಮಳೆಗೆ ಬಿತ್ತನೆಯ ತಯಾರಿ ಮಾಡುವಾಗ ಕೂರಿಗೆಯ ಜೊತೆ ದಬ್ಬಣವನ್ನೂ ಹೊರಗೆ ತೆಗೆಯಿರಿ.