ಸೊರಗಿದ ಮೊಲಕ್ಕೆ ಬೇಕಾದುದು ಮಾಜೂನ್ ಅಲ್ಲ, ಹುಲ್ಲು

"ಡಾಕ್ಟರ್ ಸಾಬ್, ನಮ್ಮ ಖರ್ಗೋಶ್ ಸೊರಗಿದೆ. ಮೈ ಹತ್ತುವಂಥ ಮಾಜೂನ್ ಏನಾದರೂ ಕೊಡಿ." ಕಳೆದ ಬೇಸಿಗೆಯಲ್ಲಿ ಶಹಾಬಾದಿನ ತಾಯಿಯೊಬ್ಬರು ನನ್ನ ದವಾಖಾನೆಗೆ ಬಂದು ಹೀಗೆ ಕೇಳಿದರು. ಮಗನ ಕೈಯಲ್ಲಿದ್ದ ಬುಟ್ಟಿಯಲ್ಲಿ ಬೆನ್ನೆಲುಬು ಕೈಗೆ ತಾಗುವಷ್ಟು ಬಡಕಲಾದ ಬಿಳಿ ಮೊಲ. ಏನು ತಿನ್ನಿಸುತ್ತೀರಿ ಎಂದೆ. ಅನ್ನ, ರೊಟ್ಟಿ, ಬಿಸ್ಕತ್ತು, ಇಫ್ತಾರಿನಲ್ಲಿ ಉಳಿದ ಖರ್ಜೂರ. ಹುಲ್ಲು? "ಅದು ದನಕ್ಕಲ್ಲವೇ?"

ನಾನು ಮನುಷ್ಯರ ವೈದ್ಯ. ಅವರನ್ನು ಪಶು ಆಸ್ಪತ್ರೆಗೆ ಕಳುಹಿಸಿದೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಮನೆಗಳಲ್ಲೂ ಇದೇ ತಪ್ಪು ನಡೆಯುತ್ತಿದೆ. ಯುನಾನಿಯಲ್ಲಿ 'ಇಲಾಜ್ ಬಿಲ್ ಗಿಝಾ', ಅಂದರೆ ಆಹಾರದಿಂದ ಚಿಕಿತ್ಸೆ, ಔಷಧಿಗಿಂತ ಮೊದಲು ಬರುತ್ತದೆ. ಮೊಲದ ವಿಷಯದಲ್ಲೂ ಇದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೊಲದ ಹೊಟ್ಟೆ ನಾರಿನಿಂದ ನಡೆಯುತ್ತದೆ. ಅದರ ಆಹಾರದಲ್ಲಿ ನೂರಕ್ಕೆ 80 ಪಾಲು ಹುಲ್ಲೇ ಇರಬೇಕು, ಹಗಲು ರಾತ್ರಿ ಮುಂದಿರಬೇಕು. ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತವೆ. ಹುಲ್ಲು ಅಗಿಯದಿದ್ದರೆ ಸವೆಯದೆ ಬಾಯಿಗೆ ಚುಚ್ಚುತ್ತವೆ. ಆಗ ಹಸಿವಿದ್ದರೂ ತಿನ್ನಲಾಗದೆ ಸೊರಗುತ್ತದೆ. ಅನ್ನ, ಬೆಲ್ಲ, ಬಿಸ್ಕತ್ತಿನಿಂದ ಹೊಟ್ಟೆ ಉಬ್ಬರಿಸುತ್ತದೆಯೇ ಹೊರತು ಮೈ ತುಂಬುವುದಿಲ್ಲ.

ತೂಕ ಹೆಚ್ಚಬೇಕಾದರೆ ಹುಲ್ಲಿನ ಜೊತೆ ಒಣಗಿಸಿದ ಕುದುರೆಮೆಂತ್ಯ ಸ್ವಲ್ಪ ಬೆರೆಸಿ. ಮೊಲದ ಪೆಲೆಟ್ ಸಿಕ್ಕರೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 25 ಗ್ರಾಂ ಸಾಕು. ಕೊತ್ತಂಬರಿ ಸೊಪ್ಪನ್ನು ತೊಳೆದು ಒಂದು ಹಿಡಿ ಕೊಡಿ. ಗಜ್ಜರಿಯಲ್ಲಿ ಸಕ್ಕರೆ ಅಂಶವಿದೆ, ಒಂದು ತುಂಡು ಸಾಕು. ಹೊಸ ಆಹಾರವನ್ನು ಏಳರಿಂದ ಹತ್ತು ದಿನಗಳಲ್ಲಿ ನಿಧಾನವಾಗಿ ರೂಢಿಸಿ. ವಾರಕ್ಕೊಮ್ಮೆ ತೂಗಿ ಬರೆದಿಡಿ.

ಹುಲ್ಲನ್ನು ಎಲ್ಲಿಂದ ತರುತ್ತೀರಿ ಎಂಬುದೂ ಮುಖ್ಯ. ವಾಡಿ, ಶಹಾಬಾದ್, ಸೇಡಂ ಸಿಮೆಂಟಿನ ಊರುಗಳು. ರಸ್ತೆ ಬದಿಯ ಹುಲ್ಲಿನ ಮೇಲೆ ಧೂಳಿರುತ್ತದೆ. ತೊಗರಿ ಹೂ ಬಿಡುವಾಗ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುತ್ತಾರೆ, ಆಗ ಬದುವಿನ ಹುಲ್ಲು ಬೇಡ. ಎಳೆ ಜೋಳದ ಪೈರು ದನಗಳಿಗೇ ವಿಷವಾಗುತ್ತದೆ, ಮೊಲಕ್ಕೂ ಹಾಕಬೇಡಿ.

ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಲ ನಮ್ಮಂತೆ ಬೆವರುವುದಿಲ್ಲ, ಸೆಕೆಗೆ ಮೇವು ಬಿಡುತ್ತದೆ. ನೆರಳಿನಲ್ಲಿ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ಇರಿಸಿ, ನೀರು ಸದಾ ಇರಲಿ, ಸೆಕೆ ಇಳಿದ ಮೇಲೆ ಮೇವು ಹಾಕಿ. ಸಹರಿಗೆ ಏಳುವ ಮನೆಗೆ ಅದೇ ಒಳ್ಳೆಯ ಹೊತ್ತು.

ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಕೆಲವರು ಹೇಸಿ ಹೊಡೆಯುತ್ತಾರೆ. ತಡೆಯಬೇಡಿ. ಅದರಿಂದಲೇ ಅದಕ್ಕೆ ಬಿ ಜೀವಸತ್ವಗಳು ಸಿಗುತ್ತವೆ. ಗೂಡನ್ನು ದಿನವೂ ಗುಡಿಸಿ ಒಣಗಿರುವಂತೆ ನೋಡಿಕೊಳ್ಳಿ, ಮುಟ್ಟಿದ ಮೇಲೆ ಮಕ್ಕಳು ಕೈ ತೊಳೆಯಲಿ.

ಇನ್ನೊಂದು ಎಚ್ಚರ. ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ಪನ್ನು ಮೊಲಕ್ಕೆ ಕುಡಿಸಬೇಡಿ. ಅದು ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳನ್ನು ಕೊಂದು ಮೊಲದ ಪ್ರಾಣವನ್ನೇ ತೆಗೆಯಬಹುದು. ನಮ್ಮ ಮಾಜೂನ್, ಜವಾರಿಶ್‌ಗಳೂ ಬೇಡ, ಅವುಗಳಲ್ಲಿ ಸಕ್ಕರೆ, ಜೇನು ಇವೆ. ಜೊಲ್ಲು ಸುರಿಯುತ್ತಿದ್ದರೆ, ಭೇದಿಯಾದರೆ, 12 ಗಂಟೆ ಏನೂ ತಿನ್ನದಿದ್ದರೆ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಿರಿ.

ಬೆಕ್ಕನ್ನು ಕಟ್ಟಿಹಾಕಿ, ಅದಕ್ಕೆ ಉಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಗೆ ಶಿಕ್ಷೆಯಾಯಿತೆಂದು ಪ್ರವಾದಿಯವರು(ಸ) ತಿಳಿಸಿದ್ದನ್ನು ನಾವೆಲ್ಲರೂ ಕೇಳಿದ್ದೇವೆ. ಗೂಡಿನೊಳಗಿನ ಮೊಲವೂ ಹುಲ್ಲು ಹುಡುಕಿ ಹೊರಗೆ ಹೋಗಲಾರದು. ಅದು ನಮ್ಮ ಕೈಯಲ್ಲಿರುವ ಅಮಾನತ್ತು. ಹೊಟ್ಟೆ ತುಂಬಿಸಿದರಷ್ಟೇ ಸಾಲದು, ಅದರ ಹೊಟ್ಟೆಗೆ ಒಗ್ಗುವುದನ್ನೇ ಕೊಡಬೇಕು. ಮಕ್ಕಳಿಗೆ ಮೊಲ ತಂದುಕೊಡುವ ಮೊದಲು ಇದನ್ನು ಕಲಿಸಿ.