ಕಡಲು ದಾಟುವ ಕಾರು ಗಡಿಯ ಊರಲ್ಲೂ ನಿಲ್ಲಲಿ

ಮೊನ್ನೆ ಆದಿತ್ಯವಾರ ರಾತ್ರಿ ಊಟ ಮುಗಿಸಿ ಪರೀಕ್ಷೆಯ ಪೇಪರು ನೋಡುತ್ತಾ ಕೂತಿದ್ದೆ. ಇಂಗ್ಲೆಂಡಿನಿಂದ ಫೋನು ಬಂತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಐದನೇ ಕ್ಲಾಸಿನಲ್ಲಿದ್ದ ಹುಡುಗ. ಈಗ ಅಲ್ಲಿ ಕಂಪ್ಯೂಟರ್ ಕೆಲಸ, ಹೆಂಡತಿ, ಒಂಬತ್ತು ವರ್ಷದ ಮಗಳು.

"ಟೀಚರ್, ಆಗಸ್ಟ್ ರಜೆಯಲ್ಲಿ ಯುರೋಪಿಗೆ ಕಾರಿನಲ್ಲೇ ಹೋಗುವುದು ಅಂತ ಉಂಟು. ಡೋವರಿನಲ್ಲಿ ಕಾರನ್ನು ಫೆರಿಗೆ ಹತ್ತಿಸಿ ಫ್ರಾನ್ಸಿಗೆ ದಾಟಿ, ಅಲ್ಲಿಂದ ಒಂದು ದೊಡ್ಡ ಸುತ್ತು. ಪ್ಲಾನು ಕಳಿಸಿದ್ದೇನೆ, ನೋಡಿ ಹೇಳಿ. ನಿಮ್ಮ ಮ್ಯಾಪ್ ಪಾಠ ನೆನಪಾಯಿತು" ಅಂದ.

ನಗು ಬಂತು. ಕಾಸರಗೋಡಿನ ಕನ್ನಡ ಶಾಲೆಯ ಟೀಚರ್ ನಾನು, ವಿಮಾನ ಹತ್ತಿದವಳೇ ಅಲ್ಲ. ಯುರೋಪು ನನಗೆ ಸ್ಟಾಫ್ ರೂಮಿನ ಗೋಡೆಯಲ್ಲಿ ಮೂಲೆ ಹರಿದು ನೇತಾಡುವ ಒಂದು ನಕ್ಷೆ. ಆದರೂ ಕೇಳಿದನಲ್ಲ, ಅಂತ ಅವನ ಪ್ಲಾನು ಬಿಡಿಸಿ ನೋಡಿದೆ. ಆಮೇಲೆ ಎರಡು ದಿನ ಅದೇ ಯೋಚನೆ. ನಮ್ಮ ಶಾಲೆಯ ಎಷ್ಟೋ ಹಳೆ ವಿದ್ಯಾರ್ಥಿಗಳು ಈಗ ಹೊರದೇಶದಲ್ಲಿದ್ದಾರೆ, ಅವರಿಗೂ ಉಪಯೋಗವಾಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಅವನ ಪ್ಲಾನು ಹೀಗಿತ್ತು: ಒಂಬತ್ತು ದಿನ, ಏಳು ದೇಶ! ಕ್ಯಾಲೆ, ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡಿನ ಇಂಟರ್ಲಾಕೆನ್, ಆಸ್ಟ್ರಿಯಾದ ಇನ್ಸ್‌ಬ್ರುಕ್, ಇಟಲಿಯ ವೆನಿಸ್, ಜರ್ಮನಿಯ ಮ್ಯೂನಿಕ್, ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್, ಬೆಲ್ಜಿಯಂ ಮೂಲಕ ಪುನಃ ಕ್ಯಾಲೆ. ಲೆಕ್ಕ ಹಾಕಿದರೆ ಮೂರೂವರೆ ಸಾವಿರ ಕಿಲೋಮೀಟರಿನ ಹತ್ತಿರ ಬರುತ್ತದೆ. ಅಂದರೆ ಕಾಸರಗೋಡಿನಿಂದ ತಿರುವನಂತಪುರಕ್ಕೆ ಮೂರು ಸಲ ಹೋಗಿ ಬಂದಷ್ಟು! ಮಗು ನೋಡುವುದು ಏನನ್ನು? ಮುಂದಿನ ಲಾರಿಯ ಹಿಂಭಾಗವನ್ನು. ಇದು ಪ್ರವಾಸವಲ್ಲ ಮಾರಾಯ, ಹಾಜರಿ ಪುಸ್ತಕಕ್ಕೆ ಟಿಕ್ ಹಾಕುವ ಕೆಲಸ ಅಂತ ಹೇಳಿದೆ.

ಫೆರಿಯ ವಿಚಾರಕ್ಕೆ ಮಾತ್ರ ಅವನಿಗೆ ನೂರಕ್ಕೆ ನೂರು ಅಂಕ. ಡೋವರ್ ಹತ್ತಿರದ ಫೋಕ್‌ಸ್ಟನ್‌ನಿಂದ ಕ್ಯಾಲೆಗೆ ಕಡಲಿನಡಿಯ ಸುರಂಗವೂ ಉಂಟು. 1994ರಲ್ಲಿ ತೆರೆದದ್ದು. ಕಾರನ್ನು ರೈಲಿಗೆ ಹತ್ತಿಸಿದರೆ 35 ನಿಮಿಷದಲ್ಲಿ ಆಚೆ ದಡ. ಫೆರಿಗೆ ಒಂದೂವರೆ ಗಂಟೆ ಬೇಕು. ಆದರೆ ಸುರಂಗದಲ್ಲಿ ಹೋದವನಿಗೆ ತಾನು ಕಡಲು ದಾಟಿದ್ದೇ ಗೊತ್ತಾಗುವುದಿಲ್ಲ. ಫೆರಿಯಲ್ಲಾದರೆ ಕಾರನ್ನು ಕೆಳಗೆ ಬಿಟ್ಟು ಮೇಲೆ ಹೋಗಲೇಬೇಕು. ಹಡಗು ಹೊರಟ ಮೇಲೆ ಕಾರಿನ ಅಂತಸ್ತಿನಲ್ಲಿ ಯಾರೂ ಇರುವಂತಿಲ್ಲ. ಮೇಲೆ ನಿಂತರೆ ಡೋವರಿನ ಬಿಳಿ ಸುಣ್ಣದ ಬಂಡೆಗಳು ನಿಧಾನಕ್ಕೆ ಸಣ್ಣದಾಗುತ್ತವೆ. ಇಂಗ್ಲಿಷ್ ಕಡಲ್ಗಾಲುವೆಯ ಆ ಇಕ್ಕಟ್ಟಿನ ಜಾಗ ಬರೀ 33 ಕಿಲೋಮೀಟರ್ ಅಗಲ, ಆಕಾಶ ಶುಭ್ರವಿದ್ದರೆ ಎರಡು ದಡವೂ ಕಾಣುತ್ತದಂತೆ. ನನ್ನ ಅಮ್ಮ ತವರಿಗೆ ಹೋಗುವಾಗ ಕಡವಿನಲ್ಲಿ ದೋಣಿಗೆ ಕಾಯುತ್ತಿದ್ದರು. ಸೇತುವೆ ಆದ ಮೇಲೆ ಆ ಹೊಳೆ ಇದೆ ಎಂಬುದೇ ನಮಗೆ ಮರೆತುಹೋಯಿತು. ದಾಟುವುದು ಅಂದರೆ ಏನು ಅಂತ ಮಕ್ಕಳಿಗೆ ಗೊತ್ತಾಗಬೇಕಾದರೆ ಕಡವಿನಲ್ಲೇ ದಾಟಬೇಕು.

ಇನ್ನು ಕಾಗದಪತ್ರ. ಇಲ್ಲಿ ಎಡವಿದರೆ ಪ್ರವಾಸ ಡೋವರಿನಲ್ಲೇ ಮುಗಿಯುತ್ತದೆ! ಅವರದ್ದು ಮೂವರದ್ದೂ ಭಾರತದ ಪಾಸ್‌ಪೋರ್ಟು. ಬ್ರಿಟನ್ನಿನಲ್ಲಿ ವಾಸಕ್ಕೆ ಅನುಮತಿ ಇದ್ದರೂ ಆಚೆ ದಡಕ್ಕೆ ಷೆಂಗೆನ್ ವೀಸಾ ಬೇರೆಯೇ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಕೊಡಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ಯಾವ ದೇಶದ ಕಚೇರಿಗೆ ಕೊಡಬೇಕು? ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೆ. ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ದಿನಕ್ಕೊಂದು ದೇಶ ಅಂತ ಓಡುವವನು ಈ ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲೇ ಸುಸ್ತು. ಫ್ರಾನ್ಸಿನ ಅಧಿಕಾರಿಗಳು ಪಾಸ್‌ಪೋರ್ಟು ನೋಡುವುದು ಡೋವರಿನಲ್ಲೇ. 2025ರ ಅಕ್ಟೋಬರ್ 12ರಿಂದ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ವ್ಯವಸ್ಥೆಯೂ ಹಂತ ಹಂತವಾಗಿ ಶುರುವಾಯಿತು. ಹಾಗಾಗಿ ಹಡಗಿನ ಹೊತ್ತಿಗೆ ಎರಡು ಗಂಟೆ ಮೊದಲೇ ಬಂದರಿನಲ್ಲಿರುವುದು ಒಳ್ಳೆಯದು.

ಕಾರಿನದ್ದೂ ಹಾಗೆಯೇ. ನೋಂದಣಿ ಪತ್ರ, ವಿಮೆ, ಲೈಸೆನ್ಸು ಕೈಯಲ್ಲಿರಬೇಕು. ಹಿಂದೆ 'ಜಿಬಿ' ಸ್ಟಿಕ್ಕರ್ ಅಂಟಿಸುತ್ತಿದ್ದರು. 2021ರ ಸೆಪ್ಟೆಂಬರಿನಿಂದ ಅದು ನಡೆಯುವುದಿಲ್ಲ, 'ಯುಕೆ' ಅಂತ ಇರಬೇಕು. ಬ್ರಿಟನ್ನಿನ ಕಾರಿನ ಹೆಡ್‌ಲೈಟಿನ ಬೆಳಕು ನಮ್ಮ ಕಾರಿನ ಹಾಗೆ ಎಡಕ್ಕೆ ವಾಲಿರುತ್ತದೆ. ಬಲಬದಿಯಲ್ಲಿ ಓಡಿಸುವಾಗ ಅದು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ, ಅದಕ್ಕೊಂದು ಸ್ಟಿಕ್ಕರ್ ಬೇಕು. ಫ್ರಾನ್ಸಿನಲ್ಲಿ ಎಚ್ಚರಿಕೆಯ ತ್ರಿಕೋನ ಮತ್ತು ಹೊಳೆಯುವ ಜಾಕೆಟ್ ಕಡ್ಡಾಯ. ಜಾಕೆಟ್ಟನ್ನು ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಸೀಟಿನ ಹತ್ತಿರ ಬೇಕು. ಹತ್ತು ವರ್ಷ ಆಗದ ಮಕ್ಕಳನ್ನು ಅಲ್ಲಿ ಮುಂದಿನ ಸೀಟಿನಲ್ಲಿ ಕೂರಿಸುವಂತಿಲ್ಲ. ಫ್ರಾನ್ಸಿನ ಟೋಲ್ ಯಂತ್ರ ಇರುವುದು ಎಡಕ್ಕೆ, ಇವನ ಸ್ಟಿಯರಿಂಗು ಬಲಕ್ಕೆ. ಹಾಗಾಗಿ ದುಡ್ಡು ಕಟ್ಟುವ ಕೆಲಸ ಹೆಂಡತಿಗೆ! ಇನ್ನೊಂದು ಮಾತು: ಬ್ರಿಟನ್ನಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಬಿಡುವುದಿಲ್ಲ. ಅಮ್ಮ ಊರಿನಿಂದ ಕಳಿಸಿದ ತುಪ್ಪದ ಬಾಟಲಿ ಮನೆಯಲ್ಲೇ ಇರಲಿ.

ಇಷ್ಟು ತಯಾರಿ ಮಾಡಿ ಹೋಗುವುದಾದರೆ ಎಲ್ಲಿಗೆ ಹೋಗಬೇಕು? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪ್ಯಾರಿಸಿಗೆ ಕಾರು ಯಾಕೆ? ಲಂಡನ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಸಿಗುವ ಊರದು, ಯಾವ ವಾರದ ಕೊನೆಗಾದರೂ ಹೋಗಬಹುದು. ಕಾರು ಇರುವುದು ಸಣ್ಣ ಊರುಗಳಿಗೆ. ನಾವು ಗಡಿಯವರು, ಗಡಿಯ ಊರು ನೋಡಿದರೆ ನಮಗೆ ಬೇಗ ಅರ್ಥವಾಗುತ್ತದೆ. ಹಾಗಾಗಿ ನಾನು ಹಾಕಿಕೊಟ್ಟ ದಾರಿಯಲ್ಲಿ ಮುಖ್ಯವಾಗಿ ಮೂರೇ ಊರು.

ಮೊದಲನೆಯದು ಓಯ್ಪನ್. ಕ್ಯಾಲೆಯಿಂದ ಸುಮಾರು 350 ಕಿಲೋಮೀಟರ್, ಬೆಲ್ಜಿಯಂನ ಪೂರ್ವದ ಅಂಚು. ಈ ಸೀಮೆ ಜರ್ಮನಿಯದ್ದಾಗಿತ್ತು. ಮೊದಲ ಮಹಾಯುದ್ಧದ ನಂತರ 1920ರಲ್ಲಿ ಬೆಲ್ಜಿಯಂಗೆ ಹೋಯಿತು. ಜನ ಇದ್ದಲ್ಲೇ ಇದ್ದರು, ಗೆರೆ ಸರಿಯಿತು. 1956ರಲ್ಲಿ ನಮ್ಮ ಹಿರಿಯರಿಗೆ ಆದದ್ದೂ ಇದೇ ಅಲ್ಲವೇ? 1940ರಲ್ಲಿ ಹಿಟ್ಲರನ ಜರ್ಮನಿ ಅದನ್ನು ಮತ್ತೆ ಸೇರಿಸಿಕೊಂಡಿತು, ಯುದ್ಧ ಮುಗಿದಾಗ ಪುನಃ ಬೆಲ್ಜಿಯಂ. ಆಮೇಲೆ ಕೆಲವು ಕಾಲ ಅಲ್ಲಿ ಜರ್ಮನ್ ಮಾತಾಡುವವರನ್ನು ಅನುಮಾನದಿಂದಲೇ ನೋಡಿದರು. ಆದರೆ ಆ ದೇಶ ಅಲ್ಲಿಗೇ ನಿಲ್ಲಲಿಲ್ಲ. 1973ರಲ್ಲಿ ಜರ್ಮನ್ ಭಾಷಿಕರಿಗೊಂದು ಪ್ರತ್ಯೇಕ ಸಭೆ ಬಂತು, 1989ರಲ್ಲಿ ಶಿಕ್ಷಣದ ಅಧಿಕಾರವೇ ಅವರ ಕೈಗೆ ಬಂತು. ಅಲ್ಲಿ ಜರ್ಮನ್ ಸಮುದಾಯದ ಜನಸಂಖ್ಯೆ ಎಂಬತ್ತು ಸಾವಿರದ ಒಳಗೆ. ಅಷ್ಟು ಜನರಿಗೆ ಓಯ್ಪನ್‌ನಲ್ಲಿ 25 ಸದಸ್ಯರ ಸಂಸತ್ತು, ಸ್ವಂತ ಸರಕಾರ! ಶಾಲೆಗಳಲ್ಲಿ ಪಾಠ ಜರ್ಮನ್‌ನಲ್ಲಿ, ಜೊತೆಗೆ ಸಣ್ಣ ಕ್ಲಾಸಿನಿಂದಲೇ ಫ್ರೆಂಚನ್ನೂ ಕಲಿಯುತ್ತಾರೆ. ಜರ್ಮನ್ ಉಳಿಸಿಕೊಂಡದ್ದಕ್ಕೆ ಅವರು ಬೆಲ್ಜಿಯಂಗೆ ಹೊರಗಿನವರಾಗಲಿಲ್ಲ.

ಎರಡನೆಯದು ಷೆಂಗೆನ್. ಓಯ್ಪನ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. ವೀಸಾದ ಮೇಲೆ ಇರುವ ಹೆಸರು ಈ ಊರಿನದ್ದೇ ಅಂತ ಎಷ್ಟು ಜನರಿಗೆ ಗೊತ್ತು? ಮೊಸೆಲ್ ಹೊಳೆಯ ದಡದ, ದ್ರಾಕ್ಷಿ ತೋಟಗಳ ನಡುವಿನ ಲಕ್ಸೆಂಬರ್ಗಿನ ಹಳ್ಳಿ. ಹೊಳೆ ದಾಟಿದರೆ ಜರ್ಮನಿ, ಸ್ವಲ್ಪ ನಡೆದರೆ ಫ್ರಾನ್ಸ್. 1985ರ ಜೂನ್ 14ರಂದು ಐದು ದೇಶಗಳು ಆ ಹೊಳೆಯಲ್ಲಿ ನಿಂತ ಒಂದು ಹಡಗಿನಲ್ಲೇ ಗಡಿ ತಪಾಸಣೆ ಬೇಡ ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಆಚೆ ದಡದ ಪೆರ್ಲ್ ಎಂಬ ಊರಲ್ಲಿ 2007ರಿಂದ ಒಂದು ಶಾಲೆ ಉಂಟು. ಜರ್ಮನಿ, ಲಕ್ಸೆಂಬರ್ಗ್ ಎರಡೂ ಸೇರಿ ನಡೆಸುವ ಶಾಲೆ, ಎರಡೂ ಕಡೆಯ ಮಕ್ಕಳು ಒಂದೇ ಬೆಂಚಿನಲ್ಲಿ.

ಆದರೆ ಇದನ್ನು ಸ್ವರ್ಗ ಅಂತ ತಿಳಿಯುವುದು ಬೇಡ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಆ ಗಡಿಯಲ್ಲೂ ಪೊಲೀಸರು ನಿಂತರು. ಅದೇ ತಿಂಗಳು ತಲಪಾಡಿಯಲ್ಲಿ ನಮ್ಮ ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳ ಪಾಡನ್ನು ಯಾರು ಮರೆಯುತ್ತಾರೆ? ಗೆರೆ ಅಳಿಸಿದೆ ಅಂದುಕೊಂಡಲ್ಲೂ ಅದು ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲಬಹುದು. ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ತನ್ನ ಎಲ್ಲ ಭೂಗಡಿಗಳಿಗೂ ತಪಾಸಣೆ ವಿಸ್ತರಿಸಿತು. ಹಾಗಾಗಿ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ಅಡಿಯಲ್ಲಿ ಇಡಬೇಡ ಅಂದೆ.

ಮೂರನೆಯದು ಅಲ್ಸಾಸ್ ಸೀಮೆಯ ಸ್ಟ್ರಾಸ್‌ಬರ್ಗ್. ಈ ಊರಿನ ಬಗ್ಗೆ ನನಗೊಂದು ಸ್ವಂತ ಲೆಕ್ಕ ಬಾಕಿ ಇತ್ತು. ಆಲ್ಫೋನ್ಸ್ ದೊದೆ ಎಂಬ ಫ್ರೆಂಚ್ ಲೇಖಕ 1870ರ ದಶಕದಲ್ಲಿ ಬರೆದ 'ದಿ ಲಾಸ್ಟ್ ಲೆಸನ್' ಕಥೆ ಸಿಬಿಎಸ್‌ಇ ಹನ್ನೆರಡನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿದೆ. ಯುದ್ಧದಲ್ಲಿ ಫ್ರಾನ್ಸ್ ಸೋತಿದೆ, ಅಲ್ಸಾಸಿನ ಶಾಲೆಗಳಲ್ಲಿ ಇನ್ನು ಜರ್ಮನ್ ಮಾತ್ರ ಅಂತ ಆಜ್ಞೆ ಬಂದಿದೆ, ಹಾಮೆಲ್ ಮಾಷ್ಟ್ರು ಕೊನೆಯ ಫ್ರೆಂಚ್ ಪಾಠ ಮಾಡುತ್ತಾರೆ. ಅಣ್ಣನ ಮಗನ ಪುಸ್ತಕದಲ್ಲಿ ಅದನ್ನು ಓದಿ ಕಣ್ಣೀರು ಬಂದಿತ್ತು. ನಮ್ಮ ಶಾಲೆಯ ಕಥೆಯೇ ಇದು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅಲ್ಸಾಸಿನ ಹೆಚ್ಚಿನ ಮಕ್ಕಳ ಮನೆಮಾತು ಫ್ರೆಂಚ್ ಅಲ್ಲವೇ ಅಲ್ಲ! ಅವರ ಮನೆಮಾತು ಅಲ್ಸೇಷಿಯನ್, ಜರ್ಮನ್‌ನ ಬಳಗದ್ದು. 1871, 1918, 1940, ಆಮೇಲೆ ಯುದ್ಧದ ಕೊನೆಗೆ ಇನ್ನೊಮ್ಮೆ, ಹೀಗೆ ಮುಕ್ಕಾಲು ಶತಮಾನದಲ್ಲಿ ನಾಲ್ಕು ಸಲ ಆ ಊರಿನ ದೇಶ ಬದಲಾಯಿತು. ಪ್ರತಿ ಸಲವೂ ಶಾಲೆಯ ಭಾಷೆ ಬದಲಾಯಿತು. ಮನೆಯಲ್ಲಿ ಏನು ಮಾತಾಡುತ್ತೀ ಅಂತ ಮಗುವನ್ನು ಯಾರೂ ಕೇಳಲಿಲ್ಲ. ಎರಡನೇ ಮಹಾಯುದ್ಧದ ನಂತರ ಶಾಲೆಯಲ್ಲಿ ಅಲ್ಸೇಷಿಯನ್ ಮಾತಾಡುವುದು ನಾಚಿಕೆಯ ವಿಷಯವಾಯಿತು. ಇವತ್ತು ಅದು ಹೆಚ್ಚಾಗಿ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ. 1990ರ ದಶಕದಿಂದ ಹೆತ್ತವರ ಒತ್ತಾಯದಿಂದ ಜರ್ಮನ್, ಫ್ರೆಂಚ್ ಎರಡೂ ಕಲಿಸುವ ದ್ವಿಭಾಷಾ ತರಗತಿಗಳು ಬಂದಿವೆ ನಿಜ. ಆದರೆ ಮನೆಯಲ್ಲಿ ಒಮ್ಮೆ ಆರಿದ ಒಲೆಗೆ ಶಾಲೆಯೊಂದೇ ಬೆಂಕಿ ಹಾಕಿದರೆ ಎಷ್ಟು ಉರಿದೀತು?

ಓಯ್ಪನ್ ಮತ್ತು ಸ್ಟ್ರಾಸ್‌ಬರ್ಗ್ ಎರಡೂ ಗೆರೆ ಸರಿದ ಊರುಗಳೇ. ಎರಡೂ ಕಡೆ ಮನೆಯಲ್ಲಿದ್ದದ್ದು ಜರ್ಮನ್ ಬಳಗದ ಮಾತೇ. ಒಂದು ಕಡೆ ಕಾನೂನು ಬಂತು, ಸ್ವಂತ ಶಾಲೆ ಬಂತು, ಭಾಷೆ ಉಳಿಯಿತು. ಇನ್ನೊಂದು ಕಡೆ ಹೊಟ್ಟೆಗೂ ಬಟ್ಟೆಗೂ ಕೊರತೆಯಿಲ್ಲ, ಭಾಷೆ ಮಾತ್ರ ಕರಗಿತು. ಕನ್ನಡ ತಿಳಿಯದವರು ಕನ್ನಡ ತರಗತಿಗೆ ಅಧ್ಯಾಪಕರಾಗಿ ಬಂದಾಗ ನಮ್ಮ ಮಕ್ಕಳು ಬೀದಿಗಿಳಿದದ್ದು ಯಾಕೆ ಅಂತ ಕೇಳುವವರಿಗೆ ಈ ಎರಡು ಊರು ತೋರಿಸಿದರೆ ಸಾಕು. ಹಾಗೆಯೇ, ನಮ್ಮ ಮಕ್ಕಳನ್ನು ನಾವೇ ಬೇರೆ ಶಾಲೆಯ ವ್ಯಾನಿಗೆ ಹತ್ತಿಸಿ ಕನ್ನಡ ಹೋಯಿತು ಅಂತ ಅಳುವ ನಮಗೂ ಸ್ಟ್ರಾಸ್‌ಬರ್ಗಿನಲ್ಲಿ ಪಾಠ ಉಂಟು.

ಹಾಗಾಗಿ ನನ್ನ ಪ್ಲಾನು ಇಷ್ಟೇ: ಓಯ್ಪನ್‌ನಲ್ಲಿ ಎರಡು ರಾತ್ರಿ, ಷೆಂಗೆನ್‌ನಲ್ಲಿ ಎರಡು, ಸ್ಟ್ರಾಸ್‌ಬರ್ಗಿನಲ್ಲಿ ಮೂರು, ವಾಪಸು ಬರುವಾಗ ದಾರಿಯ ರೀಮ್ಸ್‌ನಲ್ಲಿ ಒಂದು. ಹೆಚ್ಚು ರಾತ್ರಿ ಫ್ರಾನ್ಸಿನಲ್ಲಿ, ಆದ್ದರಿಂದ ವೀಸಾ ಅರ್ಜಿಯೂ ಫ್ರಾನ್ಸಿಗೆ. ಒಟ್ಟು ದಾರಿ ಅವನ ಪ್ಲಾನಿನ ಅರ್ಧಕ್ಕಿಂತ ಕಡಿಮೆ. ಮಗಳು ಕಾರಿನಿಂದ ಇಳಿದು ಆಡುತ್ತಾಳೆ, ಅಂಗಡಿಯ ಬೋರ್ಡು ಓದುತ್ತಾಳೆ, ಇಲ್ಲಿ ಯಾಕೆ ಬೇರೆ ಭಾಷೆ ಅಂತ ಅಪ್ಪನನ್ನು ಕೇಳುತ್ತಾಳೆ. ಆ ಪ್ರಶ್ನೆ ಬಂದರೆ ಖರ್ಚು ಮಾಡಿದ್ದು ಸಾರ್ಥಕ.

ಕೊನೆಗೆ ಒಂದು ಬೇಡಿಕೆ ಇಟ್ಟೆ. ಮೂರು ಊರಿನಿಂದಲೂ ಮಗಳು ಒಂದೊಂದು ಕಾರ್ಡು ನಮ್ಮ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಬರೆದು ಕಳಿಸಲಿ, ನಕ್ಷೆಯ ಪಕ್ಕ ಅಂಟಿಸುತ್ತೇನೆ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ.

"ಟೀಚರ್, ಅವಳಿಗೆ ಕನ್ನಡ ಕೇಳಿದರೆ ಅರ್ಥ ಆಗ್ತದೆ. ಬರೆಯಲಿಕ್ಕೆ ಬರುವುದಿಲ್ಲ" ಅಂದ.

ನಾನು ಬೈಯಲಿಲ್ಲ. ಊರಲ್ಲೇ ಇರುವ ಎಷ್ಟು ಮನೆಗಳಲ್ಲಿ ಇದೇ ಕಥೆ ಅಂತ ನನಗೆ ಗೊತ್ತಿಲ್ಲವೇ? "ವೀಸಾಕ್ಕೆ ತಿಂಗಳುಗಟ್ಟಲೆ ಮೊದಲೇ ತಯಾರಿ ಮಾಡುತ್ತೀಯಲ್ಲ ಮಾರಾಯ, 49 ಅಕ್ಷರಕ್ಕೂ ಈಗಲೇ ಶುರು ಮಾಡು. ಆಗಸ್ಟಿಗೆ ಇನ್ನೂ ಸಮಯ ಉಂಟು" ಅಂದೆ.

ಸರಿ ಟೀಚರ್ ಅಂದಿದ್ದಾನೆ. ನಕ್ಷೆಯ ಪಕ್ಕ ಗೋಡೆಯಲ್ಲಿ ಜಾಗ ಬಿಟ್ಟಿದ್ದೇನೆ. ಹೊರದೇಶದಲ್ಲಿರುವ ನಮ್ಮ ಉಳಿದ ಮಕ್ಕಳೇ, ರಜೆಗೆ ಎಲ್ಲಿಗಾದರೂ ಹೊರಟರೆ ನಿಮಗೂ ಇದೇ ಬೇಡಿಕೆ. ಕಾರ್ಡು ಯಾವ ಊರಿನಿಂದ ಬಂದರೂ ಅಡ್ಡಿಯಿಲ್ಲ, ಬರೆದದ್ದು ನಿಮ್ಮ ಮಕ್ಕಳಾಗಿರಲಿ. ಆಗಬಹುದಲ್ಲ?